ಇಪ್ಪತ್ತೊಂದು ದಿನ ಮತ್ತು ಒಂದು ಹಳೆಯ ಮೋರಿ

2023ರ ಜುಲೈ 25, ಮಂಗಳವಾರ. ಕೆಲಸ ಮುಗಿಸಿ ರೈಲಿನಲ್ಲಿ ಮನೆಗೆ ಮರಳುವಾಗ ಫೋನಿನಲ್ಲಿ ಒಂದು ಇಮೇಲ್ ಕಂಡೆ. ಡಿಸ್ಟ್ರಿಕ್ಟ್ ಕೌನ್ಸಿಲ್‌ನವರು ನಮ್ಮ ಪ್ಯಾರಿಷ್ ಕೌನ್ಸಿಲ್‌ನ ಕ್ಲರ್ಕ್‌ಗೆ ಕಳಿಸಿದ್ದು. ಸದಸ್ಯರಿಗೆಲ್ಲ ಅದರ ಒಂದೊಂದು ಪ್ರತಿ ತಾನಾಗಿ ಬರುತ್ತದೆ. ಊರ ಹಿಂಬದಿಯಲ್ಲಿ ಕುದುರೆಗಳು ಮೇಯುವ ಹುಲ್ಲುಗಾವಲಿದೆ, ಅಲ್ಲಿ 9 ಮನೆ ಕಟ್ಟಲು ಅರ್ಜಿ ಬಂದಿದೆ, ಪ್ಯಾರಿಷ್ ತನ್ನ ಅಭಿಪ್ರಾಯ ತಿಳಿಸಲು ಕೊನೆಯ ದಿನ ಆಗಸ್ಟ್ 15 ಎಂದಿತ್ತು. ಕ್ಲರ್ಕ್ ನೋಡಿಕೊಳ್ಳುತ್ತಾರೆ ಅಂದುಕೊಂಡು ಫೋನನ್ನು ಜೇಬಿಗೆ ಹಾಕಿದೆ. ಕ್ಲರ್ಕ್ ಹಿಂದಿನ ದಿನವಷ್ಟೇ ಎರಡು ವಾರದ ರಜೆಗೆ ಹೋಗಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡನ್ನೂ ಸೇರಿಸಿ ನೋಡಲಿಲ್ಲ.

ಈ ಬರಹ ಆ ಒಂದು ಅರ್ಜಿಯ ಕಥೆ. ಊರು ದಕ್ಷಿಣ ಇಂಗ್ಲೆಂಡಿನ ಒಂದು ಹಳ್ಳಿ; ಹೆಸರು ಬೇಡ. ಸುಮಾರು ನಾನೂರು ಮನೆ, ಒಂದು ಪಬ್, ಒಂದು ಪ್ರೈಮರಿ ಶಾಲೆ, ತಗಡಿನ ಮಾಡಿನ ವಿಲೇಜ್ ಹಾಲ್. ನಾನು ಅಲ್ಲಿ ಏಳು ಜನ ಪ್ಯಾರಿಷ್ ಸದಸ್ಯರಲ್ಲಿ ಒಬ್ಬ. ಸಂಬಳವಿಲ್ಲ. ಕ್ಲರ್ಕ್‌ಗೆ ಮಾತ್ರ ವಾರಕ್ಕೆ 12 ಗಂಟೆಯ ಸಂಬಳ.

ಪ್ಯಾರಿಷ್ ಕೌನ್ಸಿಲ್ ಅಂದರೆ ನಮ್ಮ ಕಡೆಯ ಗ್ರಾಮ ಪಂಚಾಯಿತಿ ಇದ್ದ ಹಾಗೆ ಎಂದು ಊರಿಗೆ ಬಂದಾಗ ನೆಂಟರಿಗೆ ಹೇಳುತ್ತೇನೆ. ಈ ವಿಷಯದಲ್ಲಿ ಮಾತ್ರ ಆ ಹೋಲಿಕೆ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವುದೇ ಗ್ರಾಮ ಪಂಚಾಯಿತಿ. ಇಂಗ್ಲೆಂಡಿನ ಪ್ಯಾರಿಷ್‌ಗೆ ಆ ಅಧಿಕಾರವಿಲ್ಲ. ಅನುಮತಿ ಕೊಡುವುದು, ಬಿಡುವುದು ಮೇಲಿನ ಡಿಸ್ಟ್ರಿಕ್ಟ್ ಕೌನ್ಸಿಲ್‌ನ ಕೈಯಲ್ಲಿದೆ. 1990ರ ಟೌನ್ ಆ್ಯಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ ಮೊದಲ ಷೆಡ್ಯೂಲ್ ಪ್ಯಾರಿಷ್‌ಗೆ ಕೊಟ್ಟಿರುವುದು ಒಂದೇ ಹಕ್ಕು: ತನ್ನ ಸರಹದ್ದಿನಲ್ಲಿ ಬಂದ ಅರ್ಜಿಗಳ ಸುದ್ದಿ ತನಗೆ ತಿಳಿಸಬೇಕು ಎಂದು ಕೇಳುವ ಹಕ್ಕು. ತಿಳಿಸಿದ ಮೇಲೆ ಎಷ್ಟು ದಿನ ಎಂಬುದನ್ನು 2015ರ ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್ ಪ್ರೊಸೀಜರ್ ಆರ್ಡರ್‌ನ 25ನೇ ವಿಧಿ ಹೇಳುತ್ತದೆ. 21 ದಿನ. ಅಷ್ಟರೊಳಗೆ ಪ್ಯಾರಿಷ್‌ನಿಂದ ಉತ್ತರ ಬರದಿದ್ದರೆ ಆ 21 ದಿನ ಕಳೆಯುವ ತನಕ ಡಿಸ್ಟ್ರಿಕ್ಟ್ ತೀರ್ಮಾನ ಮಾಡುವಂತಿಲ್ಲ. ಉತ್ತರ ಬಂದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಒಪ್ಪಲೇಬೇಕೆಂದಿಲ್ಲ.

ದಿನಗಳ ಲೆಕ್ಕ

ನಮ್ಮ ಸಭೆ ಪ್ರತಿ ತಿಂಗಳ ಎರಡನೇ ಮಂಗಳವಾರ. ಆಗಸ್ಟ್‌ನಲ್ಲಿ ಸಭೆ ಇಲ್ಲ. ಎಷ್ಟೋ ವರ್ಷದಿಂದ ನಡೆದುಬಂದ ರೂಢಿ. ಹಾಗಾಗಿ ಜುಲೈ 11ರಂದು ಎದ್ದವರು ಮತ್ತೆ ಕೂರುವುದು ಸೆಪ್ಟೆಂಬರ್ 12ಕ್ಕೆ.

ಅರ್ಜಿಯ ಗಡಿಯಾರ ಬೇರೆ. ಡಿಸ್ಟ್ರಿಕ್ಟ್ ಕೌನ್ಸಿಲ್ ಅದನ್ನು ಸಿಂಧು ಎಂದು ದಾಖಲಿಸಿಕೊಂಡದ್ದು ಜುಲೈ 21, ಶುಕ್ರವಾರ. ಹತ್ತಕ್ಕಿಂತ ಕಡಿಮೆ ಮನೆ, ಜಾಗ ಒಂದೂವರೆ ಎಕರೆ. ಅಂದರೆ ಕಾನೂನಿನ ಕಣ್ಣಲ್ಲಿ ಇದು ‘ಮೇಜರ್’ ಅಲ್ಲ. ಮೇಜರ್ ಆಗಿದ್ದರೆ ತೀರ್ಮಾನಕ್ಕೆ 13 ವಾರ. ಇದಕ್ಕೆ 8 ವಾರ. ಎಂಟು ವಾರ ಮುಗಿಯುವುದು ಸೆಪ್ಟೆಂಬರ್ 15ಕ್ಕೆ. ನಮ್ಮ ಸಭೆ ಅದಕ್ಕೆ ಮೂರೇ ದಿನ ಮುಂಚೆ. ಕಾಗದದ ಮೇಲೆ ಸಮಯ ಇದ್ದ ಹಾಗೆ ಕಾಣುತ್ತದೆ. ಆದರೆ ಅರ್ಜಿ ನೋಡಿಕೊಳ್ಳುವ ಡಿಸ್ಟ್ರಿಕ್ಟ್‌ನ ಅಧಿಕಾರಿ ತನ್ನ ವರದಿ ಬರೆಯುವುದು ಕೊನೆಯ ಮೂರು ದಿನದಲ್ಲಲ್ಲ, ಆಗಸ್ಟ್ ಕೊನೆಗೇ.

ಇನ್ನೊಂದು ಗಡಿಯಾರವೂ ಇತ್ತು, ಊರಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಅರ್ಜಿಯನ್ನು ಅಧಿಕಾರಿಯೊಬ್ಬರೇ ಕೂತು ತೀರ್ಮಾನಿಸದೆ ಚುನಾಯಿತ ಸದಸ್ಯರ ಪ್ಲಾನಿಂಗ್ ಕಮಿಟಿಯ ಮುಂದೆ ತರಬೇಕಾದರೆ, ನಮ್ಮ ಭಾಗದ ಡಿಸ್ಟ್ರಿಕ್ಟ್ ಸದಸ್ಯರು ಅದನ್ನು ‘ಕಾಲ್-ಇನ್’ ಮಾಡಬೇಕು. ನಮ್ಮ ಡಿಸ್ಟ್ರಿಕ್ಟ್‌ನ ನಿಯಮದ ಪ್ರಕಾರ ಅದಕ್ಕೂ 21 ದಿನವೇ ಗಡುವು, ಪ್ಲಾನಿಂಗ್‌ಗೆ ಸಂಬಂಧಿಸಿದ ಕಾರಣವನ್ನೂ ಕೊಡಬೇಕು. ಕಾರಣ ಏನು ಎಂದು ಆ ಸದಸ್ಯರು ಪ್ಯಾರಿಷ್‌ನ ಕಡೆ ನೋಡುತ್ತಾರೆ. ಪ್ಯಾರಿಷ್ ತನ್ನ ಸಭೆಯ ಕಡೆ ನೋಡುತ್ತದೆ.

ಕ್ಲರ್ಕ್ ರಜೆ ಮುಗಿಸಿ ಬಂದು ಇಮೇಲ್ ತೆರೆದದ್ದು ಆಗಸ್ಟ್ 7ರ ಸೋಮವಾರ. ಉಳಿದದ್ದು 8 ದಿನ. ವಿಶೇಷ ಸಭೆ ಕರೆಯೋಣ ಎಂದರು ಅಧ್ಯಕ್ಷೆ. 1972ರ ಲೋಕಲ್ ಗವರ್ನಮೆಂಟ್ ಕಾಯ್ದೆಯಂತೆ ಪ್ಯಾರಿಷ್ ಸಭೆಗೆ ಮೂರು ಪೂರ್ಣ ದಿನಗಳ ನೋಟಿಸ್ ಬೇಕು. ನೋಟಿಸ್ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಇಲ್ಲ, ಭಾನುವಾರವೂ ಇಲ್ಲ. ಸೋಮವಾರವೇ ನೋಟಿಸ್ ಹಾಕಿದ್ದರೆ ಶುಕ್ರವಾರ ಕೂರಬಹುದಿತ್ತು. ಆದರೆ ಆ ವಾರವಿಡೀ ಹಾಲ್‌ನಲ್ಲಿ ಮಕ್ಕಳ ರಜಾ ಶಿಬಿರ, ಸಂಜೆ ನಾಟಕದವರ ತಾಲೀಮು. ಆನ್‌ಲೈನ್‌ನಲ್ಲಿ ಕೂರುವಂತಿಲ್ಲ, ಕೋವಿಡ್ ಕಾಲದಲ್ಲಿ ಕೊಟ್ಟಿದ್ದ ಆ ಸವಲತ್ತು 2021ರ ಮೇ 7ಕ್ಕೆ ಮುಗಿದಿತ್ತು. ಬುಧವಾರ ನೋಟಿಸ್ ಹೊರಟಿತು. ಗುರುವಾರ, ಶುಕ್ರವಾರ, ಶನಿವಾರ ಎಂದು ಎಣಿಸಿ, ಭಾನುವಾರ ಬಿಟ್ಟು, ಆಗಸ್ಟ್ 14ರ ಸೋಮವಾರ ಸಂಜೆ ಏಳೂವರೆಗೆ ಸಭೆ. ಗಡುವಿಗೆ ಮರುದಿನವೇ ಕೊನೆ.

ಅಧ್ಯಕ್ಷೆ ಹೀಗೂ ಕೇಳಿದ್ದರು: “ಇಮೇಲ್‌ನಲ್ಲೇ ಎಲ್ಲರೂ ಒಪ್ಪಿಬಿಟ್ಟರೆ ಆಗದಾ? ಇಲ್ಲ, ನಾನೇ ಒಂದು ಪತ್ರ ಬರೆದು ಕಳಿಸಲಾ?” ಕ್ಲರ್ಕ್ ಆಗದು ಎಂದರು. ಅವರ ಮಾತು ಸರಿ. ಕೌನ್ಸಿಲ್ ತನ್ನ ಅಧಿಕಾರವನ್ನು ಕಮಿಟಿಗೆ, ಸಬ್‌ಕಮಿಟಿಗೆ, ಅಧಿಕಾರಿಗೆ ಒಪ್ಪಿಸಬಹುದು. ಅದು ಅದೇ 1972ರ ಕಾಯ್ದೆಯ 101ನೇ ಸೆಕ್ಷನ್. ಒಬ್ಬ ಸದಸ್ಯನಿಗೆ, ಅಧ್ಯಕ್ಷರೇ ಆಗಿರಲಿ, ಒಪ್ಪಿಸುವಂತಿಲ್ಲ. ಹಿಲಿಂಗ್‌ಡನ್ ಪ್ರಕರಣದಲ್ಲಿ ನ್ಯಾಯಾಲಯ ಇದನ್ನು 1986ರಷ್ಟು ಹಿಂದೆಯೇ ಸ್ಪಷ್ಟ ಮಾಡಿದೆ. ಕ್ಲರ್ಕ್ ಕೌನ್ಸಿಲ್‌ನ ಅಧಿಕಾರಿ, ಅವರಿಗೆ ಒಪ್ಪಿಸಬಹುದಿತ್ತು. ನಾವು ಹಾಗೆ ಎಂದೂ ನಿರ್ಣಯ ಮಾಡಿರಲಿಲ್ಲ.

ಆಗಸ್ಟ್ 14ರ ಸಂಜೆ

ಏಳು ಜನರಲ್ಲಿ ಮೂವರು ಊರಲ್ಲಿರಲಿಲ್ಲ. ಬಂದವರು ನಾಲ್ವರು. ಅವರಲ್ಲೊಬ್ಬರ ಹೊಲ ಅರ್ಜಿಯ ಜಾಗಕ್ಕೆ ತಾಗಿಕೊಂಡಿದೆ. ಹಿತಾಸಕ್ತಿ ಇದೆ ಎಂದು ಘೋಷಿಸಿ ಕೋಣೆಯಿಂದ ಹೊರನಡೆದರು. ಮಿಕ್ಕವರು ಮೂವರು. ಕೋರಂ ಮೂರು. ಒಬ್ಬರಿಗೆ ಕೆಮ್ಮು ಬಂದು ನೀರು ಕುಡಿಯಲು ಎದ್ದರೂ ಸಭೆ ನಿಲ್ಲಬೇಕು.

ಸಾರ್ವಜನಿಕರ ಕುರ್ಚಿಗಳಲ್ಲಿ ಐದು ಜನ. ನಾನೂರು ಮನೆಯ ಊರಲ್ಲಿ ಐದು ಜನ! ಹುಲ್ಲುಗಾವಲಿನ ಗೇಟಿನ ಪಕ್ಕದ ದೀಪದ ಕಂಬಕ್ಕೆ ಡಿಸ್ಟ್ರಿಕ್ಟ್‌ನವರು ಹಳದಿ ನೋಟಿಸ್ ಕಟ್ಟಿದ್ದರು, ಅದರ ಮೇಲಿನ ಪ್ಲಾಸ್ಟಿಕ್ ಒಳಗೆ ಮಳೆನೀರು ನಿಂತು ಅಕ್ಷರ ಹರಡಿಹೋಗಿತ್ತು. ನಮ್ಮ ಸಭೆಯ ನೋಟಿಸ್ ಪೋಸ್ಟ್ ಬಾಕ್ಸ್ ಪಕ್ಕದ ಗಾಜಿನ ಬೋರ್ಡಿನಲ್ಲಿತ್ತು. ಎರಡನ್ನೂ ಓದಬೇಕಾದವರು ಅರ್ಧಕ್ಕರ್ಧ ಸ್ಪೇನ್‌ನಲ್ಲೋ ಕಾರ್ನ್‌ವಾಲ್‌ನಲ್ಲೋ ಇದ್ದರು.

ಬಂದ ಐವರೂ ಸಿಟ್ಟಿನಲ್ಲಿದ್ದರು. “ಬೇಕಂತಲೇ ಆಗಸ್ಟ್‌ನಲ್ಲಿ ಹಾಕಿದ್ದಾರೆ, ಊರು ಖಾಲಿ ಇರುವಾಗ ನೋಡಿ” ಎಂದರು ಒಬ್ಬರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ರಾತ್ರಿ ಕಡತ ಓದಿದ ಮೇಲೆ ನನಗೆ ನಾಚಿಕೆಯಾಯಿತು. ಅರ್ಜಿ ಮೊದಲು ಹಾಕಿದ್ದು ಜುಲೈ ಮೊದಲ ವಾರದಲ್ಲಿ. ಮರಗಳ ಸಮೀಕ್ಷೆ ಇಲ್ಲ ಎಂದು ಡಿಸ್ಟ್ರಿಕ್ಟ್‌ನವರು ವಾಪಸು ಕಳಿಸಿದ್ದರು. ಅದನ್ನು ಮಾಡಿಸಿ ತರುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಮೊದಲ ಸಲವೇ ಸಿಂಧುವಾಗಿದ್ದರೆ ಜುಲೈ 11ರ ಸಭೆಯಲ್ಲೇ ಮಾತಿಗೆ ಬರುತ್ತಿತ್ತು. ಅರ್ಜಿ ಯಾವ ದಿನ ಹಾಕಬೇಕು ಎಂಬುದು ಅರ್ಜಿದಾರನ ಇಷ್ಟ; ಯಾವ ದಿನ ಸಿಂಧುವಾಗುತ್ತದೆ ಎಂಬುದು ಅವನ ಕೈಯಲ್ಲೂ ಇಲ್ಲ. ಸಂಚು ಎಂದು ಕರೆಯುವ ಮೊದಲು ಕಡತದ ಮೊದಲ ಪುಟದ ತಾರೀಖು ನೋಡಬೇಕಿತ್ತು.

ಆ ಸಂಜೆ ನಾವು ಮೂವರು ಒಪ್ಪಿದ ಪತ್ರ ಮರುದಿನ ಮಧ್ಯಾಹ್ನ ಹೊರಟಿತು. ಅದರ ಪ್ರತಿ ಈಗಲೂ ನನ್ನ ಬಳಿ ಇದೆ. ಓಣಿ ಕಿರಿದು, ಎರಡು ಕಾರು ಎದುರಾದರೆ ಒಂದು ಹಿಂದೆ ಹೋಗಬೇಕು. ಊರಿನ ಸ್ವರೂಪಕ್ಕೆ ಒಗ್ಗುವುದಿಲ್ಲ. ಚರಂಡಿಗಳ ಮೇಲೆ ಈಗಲೇ ಭಾರ ಜಾಸ್ತಿ. ಇಷ್ಟೇ. ಯಾವ ಊರಿನ ಯಾವ ಅರ್ಜಿಗಾದರೂ ಬರೆಯಬಹುದಾದ ಪತ್ರ. ಮುಂದೆ ಅಧಿಕಾರಿಯ ವರದಿ ಇದಕ್ಕೆಲ್ಲ ಒಂದೇ ಪ್ಯಾರಾದಲ್ಲಿ ಉತ್ತರ ಕೊಟ್ಟಿತು: ಹೆದ್ದಾರಿ ವಿಭಾಗದ ಆಕ್ಷೇಪಣೆ ಇಲ್ಲ, ವಿನ್ಯಾಸ ಒಪ್ಪುವಂತಿದೆ, ಒಳಚರಂಡಿಗೆ ಜಾಗವಿದೆಯೆಂದು ನೀರಿನ ಕಂಪನಿ ಹೇಳಿದೆ. ಅಧಿಕಾರಿ ತಪ್ಪು ಬರೆದಿರಲಿಲ್ಲ. ನಾವು ಕೊಟ್ಟದ್ದಕ್ಕೆ ಸರಿಯಾದ ಉತ್ತರವೇ ಅದು.

ಅಧ್ಯಕ್ಷೆ ಪತ್ರದ ಜೊತೆಗೇ ಸೆಪ್ಟೆಂಬರ್ 13ರ ತನಕ ಕಾಯಬಹುದೇ ಎಂದೂ ಕೇಳಿದ್ದರು. ತೀರ್ಮಾನ ಆಗುವ ತನಕ ಬಂದದ್ದನ್ನೆಲ್ಲ ನೋಡುತ್ತೇವೆ, ಕಾಯುತ್ತೇವೆಂದು ಮಾತು ಕೊಡಲಾಗದು ಎಂದು ಉತ್ತರ ಬಂತು. ಈ ಉತ್ತರದ ಹಿಂದೆ ಇರುವ ಒತ್ತಡ ಹೊರಗಿನವರಿಗೆ ಕಾಣುವುದಿಲ್ಲ. ಮೇಜರ್ ಅಲ್ಲದ ಅರ್ಜಿಗಳಲ್ಲಿ ನೂರಕ್ಕೆ 70ನ್ನಾದರೂ ಸಮಯಕ್ಕೆ ಸರಿಯಾಗಿ ತೀರಿಸದಿದ್ದರೆ ಡಿಸ್ಟ್ರಿಕ್ಟ್ ಮೇಲೆ ಸರ್ಕಾರದ ಕಣ್ಣು ಬೀಳುತ್ತದೆ. ಅರ್ಜಿದಾರ ಬರೆದುಕೊಟ್ಟರೆ ಎಂಟು ವಾರವನ್ನು ಹಿಗ್ಗಿಸಬಹುದು. ಪ್ಯಾರಿಷ್‌ನ ಸಭೆಗಾಗಿ ಅವನು ಯಾಕೆ ಬರೆದುಕೊಟ್ಟಾನು?

ಸೆಪ್ಟೆಂಬರ್ 8ರ ಶುಕ್ರವಾರ ಅನುಮತಿ ಹೊರಬಿತ್ತು, ಷರತ್ತುಗಳ ಸಮೇತ. ಕಮಿಟಿಗೆ ಹೋಗಲಿಲ್ಲ, ಕಾಲ್-ಇನ್ ಗಡುವು ನಮ್ಮ ಗಡುವಿನ ಜೊತೆಗೇ ಮುಗಿದಿತ್ತು.

ಮೋರಿ

ಸೆಪ್ಟೆಂಬರ್ 12ರ ಸಭೆಗೆ ಮೂವತ್ತಕ್ಕೂ ಹೆಚ್ಚು ಜನ ಬಂದರು. ಕ್ಲರ್ಕ್ ಅನುಮತಿ ಪತ್ರವನ್ನು ಓದಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು ಮೆಲ್ಲನೆ ಎದ್ದರು. ಎಂಬತ್ತು ದಾಟಿದವರು, ಹಿಂದೆ ಆ ಜಮೀನಿನಲ್ಲೇ ಕೆಲಸಕ್ಕಿದ್ದವರು. ಆಗಸ್ಟ್ ಪೂರ್ತಿ ಮಗಳ ಮನೆಯಲ್ಲಿದ್ದರಂತೆ. ಕೈಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿ. ಅದರಿಂದ ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ತೆಗೆದು ಅಧ್ಯಕ್ಷೆಯ ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆಗಳಲ್ಲಿ ಕಾಗದ ಸವೆದು ತೂತಾಗಿತ್ತು. ಪೆನ್ಸಿಲ್‌ನಲ್ಲಿ ಬರೆದ ನಕ್ಷೆ: ಬೇಲಿ, ಗೇಟು, ಒಂದು ಓಕ್ ಮರ, ಮತ್ತು ಹುಲ್ಲುಗಾವಲನ್ನು ಓರೆಯಾಗಿ ಕತ್ತರಿಸಿ ಹೋಗುವ ಎರಡು ಗೆರೆ.

“ಇದು ಇಟ್ಟಿಗೆಯ ಮೋರಿ, ನೆಲದಡಿ. ಮೇಲಿನ ಹೊಲದ ನೀರೆಲ್ಲ ಇದರಲ್ಲೇ ಇಳಿಯೋದು. ಇಲ್ಲಿ ಕುಸಿದಿದೆ,” ಎಂದು ಉಗುರಿನಿಂದ ತೋರಿಸಿದರು. “ಚಳಿಗಾಲದಲ್ಲಿ ಓಣಿಗೆ ನೀರು ಬರೋದು ಅದಕ್ಕೇ. ಮನೆ ಕಟ್ಟೋ ನಕ್ಷೆಯಲ್ಲಿ ಇದರ ಮೇಲೆಯೇ ಎರಡು ಮನೆ ಬಂದಿವೆ.”

ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಓಣಿಗೆ ನೀರು ನುಗ್ಗುವುದು ಎಲ್ಲರಿಗೂ ಗೊತ್ತು. ಯಾಕೆ ಎಂಬುದು ಇವರೊಬ್ಬರಿಗೇ ಗೊತ್ತಿತ್ತು.

ಈ ಮಾಹಿತಿ ಬೇರೆ ದಾರಿಯಿಂದಾದರೂ ಕಡತಕ್ಕೆ ಸೇರಬಹುದಿತ್ತಲ್ಲ ಎಂದು ಕೇಳಬಹುದು. ಸೇರುವ ದಾರಿ ಇರಲಿಲ್ಲ. ಮೇಲ್ಮೈ ನೀರಿನ ವಿಷಯದಲ್ಲಿ ಕೌಂಟಿ ಮಟ್ಟದ ಪ್ರವಾಹ ಪ್ರಾಧಿಕಾರವನ್ನು ಕಡ್ಡಾಯವಾಗಿ ಕೇಳಬೇಕು ಎಂಬ ನಿಯಮ 2015ರ ಏಪ್ರಿಲ್‌ನಿಂದ ಇದೆ, ಆದರೆ ಅದು ಮೇಜರ್ ಅರ್ಜಿಗಳಿಗೆ ಮಾತ್ರ. ಒಂಬತ್ತು ಮನೆಗೆ ಕೇಳಬೇಕಿಲ್ಲ, ಯಾರೂ ಕೇಳಲಿಲ್ಲ. ಹಳೆಯ ಖಾಸಗಿ ಮೋರಿ ಯಾವ ಕಂಪನಿಯ ನಕ್ಷೆಯಲ್ಲೂ ಇರಲಿಲ್ಲ. ಇಂಥ ಸಣ್ಣ ಅರ್ಜಿಗಳಲ್ಲಿ ನೆಲದ ಅಡಿ ಏನಿದೆ ಎಂದು ಹೇಳಬಲ್ಲ ಬಾಯಿ ಊರಿನದ್ದೊಂದೇ, ಅದು ಕಡತದ ತನಕ ತಲುಪುವುದು ಹೆಚ್ಚಾಗಿ ಪ್ಯಾರಿಷ್ ಮೂಲಕ. ಅಂಥ ಕಡೆಯೇ ಸಮಯವೂ ಅತಿ ಕಡಿಮೆ.

ಈ ಪ್ರಕರಣದಿಂದ ನನಗೆ ತಿಳಿದದ್ದು ಇದು. ಪತ್ರ ಬರೆಯಲು 21 ದಿನ ಬೇಕಾದಷ್ಟಾಯಿತು. ನಾವು ಒಂದೇ ರಾತ್ರಿಯಲ್ಲಿ ಬರೆದೆವು. ಊರಿನ ಮಾತು ಕೇಳಿ ಆಮೇಲೆ ಪತ್ರ ಬರೆಯಲು ಅಷ್ಟು ದಿನ ಸಾಲಲಿಲ್ಲ, ಇದ್ದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾವೇ ಪೋಲು ಮಾಡಿದೆವು. ಕಾನೂನು ನಮ್ಮ ಬಾಯಿ ಕಟ್ಟಿರಲಿಲ್ಲ. ಹೇಳಬೇಕಾದ್ದು ನಮಗೆ ತಿಳಿಯುವ ಮೊದಲೇ ಹೇಳುವ ದಿನ ಮುಗಿದಿತ್ತು.

ತೀರ್ಮಾನದ ಆಚೆ

ಕೋರ್ಟಿಗೆ ಹೋಗೋಣ ಎಂದವರಿದ್ದರು. ಇಂಗ್ಲೆಂಡಿನಲ್ಲಿ ಅನುಮತಿ ಸಿಗದ ಅರ್ಜಿದಾರನಿಗೆ ಅಪೀಲಿನ ಹಕ್ಕಿದೆ. ಅನುಮತಿ ಬೇಡವೆಂದ ನೆರೆಯವರಿಗಾಗಲೀ ಪ್ಯಾರಿಷ್‌ಗಾಗಲೀ ಇಲ್ಲ. ಉಳಿಯುವುದು ಜುಡಿಷಿಯಲ್ ರಿವ್ಯೂ, ಅದೂ ಆರು ವಾರದೊಳಗೆ, ಕಾನೂನಿನ ತಪ್ಪು ನಡೆದಿದ್ದರೆ ಮಾತ್ರ. ಇಲ್ಲಿ ತಪ್ಪು ಎಲ್ಲಿ? 21 ದಿನ ಕೊಟ್ಟಿದ್ದರು, ಪತ್ರ ಓದಿದ್ದರು, ಉತ್ತರಿಸಿದ್ದರು. ಕ್ಲರ್ಕ್ ಖಡಾಖಂಡಿತವಾಗಿ ಬೇಡ ಎಂದರು, ಊರಿನ ದುಡ್ಡು ಉಳಿಯಿತು.

ಅವರು ಹಿಡಿದದ್ದು ಬೇರೆ ದಾರಿ. ಅನುಮತಿಯಲ್ಲಿ ಒಂದು ಷರತ್ತಿತ್ತು: ಮಳೆನೀರು ಹರಿದುಹೋಗುವ ವ್ಯವಸ್ಥೆಯ ವಿವರ ಒಪ್ಪಿಗೆಯಾಗುವ ತನಕ ಕಟ್ಟಡದ ಕೆಲಸ ಶುರುಮಾಡುವಂತಿಲ್ಲ. ಅಂಥ ವಿವರ ಬಂದಾಗ ಪ್ಯಾರಿಷ್‌ಗೆ ತಿಳಿಸಬೇಕೆಂಬ ನಿಯಮವಿಲ್ಲ. ಹಾಗಾಗಿ ಕ್ಲರ್ಕ್ ಡಿಸ್ಟ್ರಿಕ್ಟ್‌ನ ವಾರದ ಪಟ್ಟಿಯನ್ನು ಪ್ರತಿ ಸೋಮವಾರ ತಾವೇ ನೋಡತೊಡಗಿದರು. ನವೆಂಬರ್‌ನಲ್ಲಿ ಆ ವಿವರ ಬಂದ ವಾರವೇ ಪೆನ್ಸಿಲ್ ನಕ್ಷೆಯ ಪ್ರತಿ, ಓಣಿಯಲ್ಲಿ ನೀರು ನಿಂತ ನಾಲ್ಕು ವರ್ಷದ ಫೋಟೋಗಳು, ಒಂದು ಪುಟದ ವಿವರಣೆ ಕಳಿಸಿದರು. ಅಧಿಕಾರಿ ಅದನ್ನು ಬದಿಗೆ ಸರಿಸಲಿಲ್ಲ, ಅವರಿಗೆ ನಾನು ಇಂದಿಗೂ ಋಣಿ. ಬಿಲ್ಡರ್‌ಗೆ ಮೋರಿಯೊಳಗೆ ಕ್ಯಾಮೆರಾ ಇಳಿಸಿ ನೋಡಲು ಹೇಳಿದರು. ಮುದುಕರು ಉಗುರಿನಿಂದ ತೋರಿಸಿದ ಜಾಗದಲ್ಲೇ ಕುಸಿತ ಸಿಕ್ಕಿತು.

ಎರಡು ಮನೆಗಳನ್ನು ಕೆಲವು ಮೀಟರ್ ಸರಿಸಬೇಕಾಯಿತು. ಅದಕ್ಕೆ 1990ರ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 73ರ ಅಡಿ ಹೊಸ ಅರ್ಜಿ, ಹೊಸ ಶುಲ್ಕ, ಮತ್ತೆ 21 ದಿನ, ಮತ್ತೆ 8 ವಾರ. ಬಿಲ್ಡರ್‌ಗೆ ಚಳಿಗಾಲವಿಡೀ ಹೋಯಿತು. ಆಗಸ್ಟ್‌ನಲ್ಲಿ ಗೊತ್ತಾಗಿದ್ದರೆ ಅವನು ನಕ್ಷೆಯನ್ನು ಆಗಲೇ ತಿದ್ದುತ್ತಿದ್ದ. ಅರ್ಜಿದಾರನಿಗೂ ಊರಿಗೂ ಪ್ಯಾರಿಷ್‌ನ ಸಮಯದ ವಿಷಯದಲ್ಲಿ ಹಿತ ಒಂದೇ ಎಂದು ಅವನ ಜೊತೆ ಗೇಟಿನ ಬಳಿ ನಿಂತು ಮಾತಾಡಿದ ದಿನ ನನಗೆ ಅನಿಸಿತು. ಅವನೂ ಹಾಗೇ ಅಂದ.

ಬದಲಾದದ್ದು

ಅಕ್ಟೋಬರ್ 10ರ ಸಭೆಯಲ್ಲಿ ನಾವು ಮಾಡಿದ ನಿರ್ಣಯಗಳು ದೊಡ್ಡವೇನಲ್ಲ. ಮೂವರ ಪ್ಲಾನಿಂಗ್ ಕಮಿಟಿ ಆಯಿತು. ಅದಕ್ಕೆ ತಿಂಗಳ ಮಂಗಳವಾರದ ಕಟ್ಟಿಲ್ಲ, ಅರ್ಜಿ ಬಂದಾಗ ಕೂರುತ್ತದೆ. ಕಮಿಟಿಗೂ ಕೂರಲಾಗದಿದ್ದರೆ ಸದಸ್ಯರ ಅಭಿಪ್ರಾಯ ಕೇಳಿ ಉತ್ತರ ಕಳಿಸುವ ಅಧಿಕಾರವನ್ನು 101ನೇ ಸೆಕ್ಷನ್ ಅಡಿ ಕ್ಲರ್ಕ್‌ಗೆ ಕೊಟ್ಟೆವು. ಕ್ಲರ್ಕ್ ರಜೆಯಲ್ಲಿದ್ದಾಗ ಅವರ ಇಮೇಲ್ ನೋಡುವ ಸದಸ್ಯ ಯಾರು ಎಂದು ಹೆಸರು ಬರೆದಿಟ್ಟೆವು. ನಾನೇ ಮುಂದೆ ಬಂದು ಅದನ್ನು ವಹಿಸಿಕೊಂಡೆ. ಕಾಲ್-ಇನ್ ಗಡುವನ್ನು ಪ್ರತಿ ಅರ್ಜಿಯ ಪಕ್ಕದಲ್ಲಿ ಬರೆಯುವುದು, ಸಮಯ ಸಾಲದು ಎನಿಸಿದರೆ ಕೊನೆಯ ದಿನ ಕೇಳುವ ಬದಲು ಮೊದಲ ದಿನವೇ ಕೇಳುವುದು.

ಪರೀಕ್ಷೆ ಬೇಗ ಬಂತು. ಡಿಸೆಂಬರ್ 18ರ ಸೋಮವಾರ, ಹಳೆಯ ಕಣಜವೊಂದನ್ನು ಮನೆ ಮಾಡುವ ಅರ್ಜಿ. ಇಪ್ಪತ್ತೊಂದು ದಿನ ಎಣಿಸಿದರೆ ಜನವರಿ 8. ನಮ್ಮ ಸಭೆ ಜನವರಿ 9. ನಡುವೆ ಕ್ರಿಸ್‌ಮಸ್. ಅದೇ ಮಧ್ಯಾಹ್ನ ಕ್ಲರ್ಕ್ ಎರಡು ಸಾಲು ಬರೆದರು: ಸಭೆ 9ಕ್ಕೆ ಇದೆ, 10ರ ತನಕ ಸಮಯ ಕೊಡುತ್ತೀರಾ? ಮರುದಿನವೇ ಉತ್ತರ ಬಂತು, ಆಗಬಹುದು ಎಂದು. ಎಂಟು ವಾರದಲ್ಲಿ ಇನ್ನೂ ಬಹಳ ದಿನ ಬಾಕಿ ಇರುವಾಗ ಎರಡು ದಿನ ಯಾರಿಗೂ ಭಾರವಲ್ಲ. ಆಗಸ್ಟ್ 15ರಂದು ಕೇಳಿದಾಗ ಸಿಗದ ಮಾತು ಅರ್ಜಿ ಬಂದ ದಿನವೇ ಕೇಳಿದಾಗ ಸಿಕ್ಕಿತು.

ಜನವರಿ 4ರ ಬೆಳಿಗ್ಗೆ ಕಮಿಟಿಯ ನಾವು ಮೂವರು ಕಣಜ ನೋಡಲು ಹೋದೆವು. ಬಿಸ್ಕತ್ತು ಡಬ್ಬಿಯ ಹಿರಿಯರನ್ನೂ ಕರೆದಿದ್ದೆವು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಅವರು ಕೋಲೂರಿಕೊಂಡು ಕಣಜದ ಸುತ್ತ ಒಂದು ಸುತ್ತು ಬಂದು, ಉತ್ತರದ ಗೋಡೆಯ ಬುಡದಲ್ಲಿ ನಿಂತು, ಕೋಲಿನ ತುದಿಯಿಂದ ನೆಲವನ್ನು ಎರಡು ಸಲ ತಟ್ಟಿದರು. “ಇಲ್ಲಿ ಒಂದು ಬಾವಿ ಇತ್ತು,” ಎಂದರು. ಕ್ಲರ್ಕ್ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು.